ಮಧ್ಯಾಹ್ನದೊಳಗೆ ಬಿಚ್ಚಿಕೊಳ್ಳುವ ಜಡೆ: ತುದಿ ತೆಳುವಿದ್ದರೆ ತಪ್ಪು ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ

ಬೆಳಿಗ್ಗೆ ಬಿಗಿಯಾಗಿ ಹಾಕಿದ ಜಡೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಗೇಣು ಬಿಚ್ಚಿಕೊಂಡಿರುತ್ತದೆ. ರಬ್ಬರ್ ಬ್ಯಾಂಡ್ ಬಸ್ಸಲ್ಲೋ ಕ್ಲಾಸಲ್ಲೋ ಬಿದ್ದುಹೋಗಿರುತ್ತದೆ. ಮೇಲೆ ನೋಡಿದರೆ ಒಳ್ಳೆ ದಪ್ಪ ಜಡೆ, ಕೆಳಗೆ ಇಲಿಬಾಲ. ಉದ್ದ ಕೂದಲಿರುವ ಎಷ್ಟೋ ಮನೆಗಳಲ್ಲಿ ಇದು ದಿನದ ಗೋಳು. ಆಗ ಏನು ಮಾಡುತ್ತೇವೆ? ಇನ್ನೂ ಬಿಗಿ ಇರುವ ರಬ್ಬರ್ ತರುತ್ತೇವೆ, ಇನ್ನೊಂದು ಸುತ್ತು ಜಾಸ್ತಿ ಸುತ್ತುತ್ತೇವೆ. ಎರಡು ದಿನ ನಿಲ್ಲುತ್ತದೆ, ಆಮೇಲೆ ಅದೇ ಕಥೆ. ಅಷ್ಟರಲ್ಲಿ ರಬ್ಬರ್ ಕೂತ ಜಾಗದಲ್ಲಿ ಕೂದಲು ತುಂಡಾಗಿ ತುದಿ ಇನ್ನಷ್ಟು ಸಣಕಲಾಗುತ್ತದೆ.

ಮನೆಯ ಮಕ್ಕಳಿಗೆ ದಿನಾ ಜಡೆ ಹಾಕುತ್ತೇನೆ. ಭರತನಾಟ್ಯದ ಕಾರ್ಯಕ್ರಮ ಇದ್ದರೆ ಬೀದಿಯ ಬೇರೆ ಹುಡುಗಿಯರೂ ನನ್ನ ಮುಂದೆ ಬಂದು ಕೂರುತ್ತಾರೆ. ಬಗೆಬಗೆಯ ಕೂದಲು ಕೈಗೆ ಸಿಕ್ಕ ಮೇಲೆ ನನಗೆ ಖಾತ್ರಿಯಾದದ್ದು ಒಂದೇ: ಹೆಚ್ಚಿನ ಸಲ ತಪ್ಪು ರಬ್ಬರ್‌ದಲ್ಲ, ಕಟ್ಟುವ ಜಾಗದ್ದು. ತುದಿಯಲ್ಲಿ ಹಿಡಿಯಲು ಕೂದಲೇ ಇಲ್ಲ. ಇಲ್ಲದ ಕಡೆ ಎಷ್ಟು ಬಿಗಿದರೂ ಏನು ನಿಂತೀತು?

ಬಿಚ್ಚಿದ ಜಡೆಯನ್ನು ಮೊದಲು ನೋಡಿ

ಜಡೆ ಬಿಚ್ಚಿಕೊಂಡಿದೆ ಅಂತ ಕಂಡ ತಕ್ಷಣ ಬಾಚಣಿಗೆ ಎತ್ತಿಕೊಳ್ಳಬೇಡಿ. ಬಾಚಿಬಿಟ್ಟರೆ ಯಾಕೆ ಬಿಚ್ಚಿತು ಅನ್ನುವ ಗುರುತು ಅಳಿಸಿಹೋಗುತ್ತದೆ. ಒಂದೇ ನಿಮಿಷ ಸಾಕು, ಇವಿಷ್ಟು ನೋಡಿಕೊಳ್ಳಿ.

ರಬ್ಬರ್ ಎಲ್ಲಿದೆ? ಪೂರ್ತಿ ಬಿದ್ದುಹೋಗಿ, ಅದರ ಮೇಲಿನ ಹೆಣಿಗೆ ಇನ್ನೂ ಬಿಗಿಯಾಗಿಯೇ ಇದ್ದರೆ ಅದು ಜಾರುವ ತೊಂದರೆ. ರಬ್ಬರ್ ಕಟ್ಟಿದ ಜಾಗದಲ್ಲೇ ಇದ್ದು, ಮೇಲಿನ ಹೆಣಿಗೆ ಉಬ್ಬಿ ಸಡಿಲವಾಗಿದ್ದರೆ ತಪ್ಪು ಹೆಣೆಯುವಾಗಲೇ ಆಗಿದೆ. ಜಡೆಯ ಮೂರು ಕಾಲುಗಳಲ್ಲಿ, ಅಂದರೆ ಹೆಣೆಯಲು ಮಾಡಿಕೊಂಡ ಮೂರು ಭಾಗಗಳಲ್ಲಿ, ಎರಡು ರಬ್ಬರ್ ಒಳಗಿದ್ದು ಒಂದು ಮಾತ್ರ ಹೊರಗೆ ಬಂದು ನೇತಾಡುತ್ತಿದ್ದರೆ ಕೂದಲಿನ ಉದ್ದ ಒಂದೇ ಸಮ ಇಲ್ಲ ಅಂತ ಅರ್ಥ. ಇನ್ನೊಂದು, ರಬ್ಬರ್ ಬಿಚ್ಚುವಾಗ ಅದರಲ್ಲಿ ಸುತ್ತಿಕೊಂಡು ಬರುವ ಕೂದಲನ್ನು ಬಿಸಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಅದರ ಕಥೆ ಕೆಳಗೆ ಹೇಳುತ್ತೇನೆ.

ತುದಿ ತೆಳುವಾಗುವುದು ಯಾಕೆ

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಹತ್ತಿರಹತ್ತಿರ 5 ವರ್ಷ ವಯಸ್ಸು ಅಂತಾಯಿತು. ಒಂದೊಂದು ಕೂದಲೂ ತನ್ನ ಪಾಡಿಗೆ 2ರಿಂದ 6 ವರ್ಷ ಬೆಳೆದು, ಸ್ವಲ್ಪ ಕಾಲ ಸುಮ್ಮನಿದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹಾಗಾಗಿ ಬುಡದಲ್ಲಿ ಹುಟ್ಟಿದ ಎಲ್ಲವೂ ಸೊಂಟದವರೆಗೆ ಬರುವುದಿಲ್ಲ. ಕೆಲವು ಭುಜದಲ್ಲೇ ನಿಂತಿರುತ್ತವೆ, ಕೆಲವು ಬೆನ್ನಿನ ಅರ್ಧಕ್ಕೆ. ಕೊನೆಯವರೆಗೆ ಇಳಿದು ಬರುವವು ಸ್ವಲ್ಪವೇ. ಇದು ರೋಗವಲ್ಲ, ಉದ್ದ ಕೂದಲಿನ ಸ್ವಭಾವ. ಅದರ ಮೇಲೆ ತುದಿ ಸೀಳುವುದು, ಬಿಸಿಲು, ಒರಟು ಬಾಚಣಿಗೆ ಎಲ್ಲ ಸೇರಿದರೆ ಇನ್ನೂ ಸಣ್ಣಗಾಗುತ್ತದೆ.

ಹೀಗೆ ಮೇಲೆ ದಪ್ಪ, ಕೆಳಗೆ ಸಣ್ಣ ಇರುವುದಕ್ಕೆ ರಬ್ಬರ್ ಹಾಕಿದರೆ ಅದು ಬಿಗಿಯುತ್ತಾ ಬಿಗಿಯುತ್ತಾ ಸಣ್ಣಗಿರುವ ಕಡೆಗೇ ಸರಿಯುತ್ತದೆ. ಬಿಗಿ ಜಾಸ್ತಿ ಮಾಡಿದರೆ ಸರಿಯುವುದೂ ಜಾಸ್ತಿ. ಕೂದಲಿನ ಮೈಯೂ ಇದಕ್ಕೆ ಜೊತೆ ಕೊಡುತ್ತದೆ. ಕೂದಲಿನ ಹೊರಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಅಂಚು ತುದಿಯ ಕಡೆಗೆ ತಿರುಗಿರುತ್ತದೆ. ಬೇಕಾದರೆ ಒಂದು ಉದ್ದ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣ್ಣಗೆ ಜಾರುತ್ತದೆ. ತುದಿಯಿಂದ ಬುಡಕ್ಕೆ ಎಳೆಯಿರಿ, ಬೆರಳಿಗೆ ಸಣ್ಣಗೆ ತಡೆ ಸಿಗುತ್ತದೆ. ಅಂದರೆ ರಬ್ಬರ್ ಕೆಳಗೆ ಬರಲು ದಾರಿ ಸಲೀಸು, ಮೇಲೆ ಹೋಗಲು ಮಾತ್ರ ಅಡ್ಡಿ.

ರಬ್ಬರ್ ಪೂರ್ತಿ ಜಾರಿ ಬಿದ್ದಿದ್ದರೆ

ಮೊದಲ ಕೆಲಸ, ಕಟ್ಟುವ ಜಾಗವನ್ನು ಮೇಲೆ ತನ್ನಿ. ಜಡೆಯನ್ನು ಕತ್ತಿನ ಹತ್ತಿರ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನಿಧಾನಕ್ಕೆ ಕೆಳಗಿಳಿಸಿ. ಕತ್ತಿನ ಹತ್ತಿರ ಎಷ್ಟು ದಪ್ಪ ಇತ್ತೋ ಅದರ ಅರ್ಧದಷ್ಟು ಆಯಿತು ಅನ್ನಿಸುವ ಕಡೆ ನಿಲ್ಲಿ. ಜಡೆ ಅಲ್ಲಿಗೆ ಮುಗಿಯಬೇಕು. ಅದರ ಕೆಳಗೆ ಹೆಣೆಯುವುದು ಬೇಡ. ಬರೀ ರಬ್ಬರ್ ಮೇಲೆ ನಂಬಿಕೆ ಇಡುವುದಾದರೆ ಇದು ಬಿಟ್ಟು ಬೇರೆ ಜಾಗ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಇದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗುವುದು ಕಷ್ಟ, ಗೊತ್ತು. "ಇಷ್ಟುದ್ದ ಕೂದಲು ಬಿಟ್ಟು ಮೋಟು ಜಡೆ ಯಾಕೆ ಹಾಕ್ತೀಯಾ" ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ಹಾಗಿದ್ದರೆ ಉಳಿದ ಬಾಲವನ್ನು ನೇತಾಡಲು ಬಿಡಬೇಡಿ, ಮಡಿಸಿ. ಜಡೆ ಮುಗಿದ ಕಡೆಯಿಂದ ಉಳಿದ ಕೂದಲನ್ನು ಮೇಲಕ್ಕೆ ಮಡಚಿ ಜಡೆಯ ಹಿಂಬದಿಗೆ ಒತ್ತಿ ಹಿಡಿಯಿರಿ. ಜಡೆ, ಮಡಚಿದ ಬಾಲ ಎರಡನ್ನೂ ಸೇರಿಸಿ ರಬ್ಬರ್ ಹಾಕಿ. ಈಗ ರಬ್ಬರ್ ಕೆಳಗೆ ಏನಿದೆ ನೋಡಿ: ಮಡಿಕೆಯ ಕುಣಿಕೆ. ಅದು ಕಟ್ಟಿದ ಜಾಗಕ್ಕಿಂತ ಅಗಲವಾಗಿದೆ. ಜಾರಿ ಬೀಳಬೇಕಾದರೆ ರಬ್ಬರ್ ಆ ಅಗಲವನ್ನು ದಾಟಬೇಕು, ಅದು ಆಗುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯರಿಗೆ ಎರಡು ಜಡೆ ಹಾಕಿ, ಮೇಲಕ್ಕೆ ಮಡಿಸಿ, ಟೇಪು ಕಟ್ಟಿ ಕಳಿಸುತ್ತಾರಲ್ಲ, ಅದು ದಿನವಿಡೀ ನಿಲ್ಲುವುದೂ ಇದೇ ಕಾರಣಕ್ಕೆ. ಕುಣಿದರೂ ಕಬಡ್ಡಿ ಆಡಿದರೂ ಟೇಪು ಜಾರುವುದಿಲ್ಲ.

ಇನ್ನು ರಬ್ಬರ್ ವಿಷಯ. ದಪ್ಪ ಬಟ್ಟೆ ರಬ್ಬರ್, ಅಂದರೆ ವೆಲ್ವೆಟ್ಟಿನ ಉಬ್ಬು ರಬ್ಬರ್, ತೆಳು ತುದಿಗೆ ಹೊಂದುವುದಿಲ್ಲ. ಮೂರು ಸುತ್ತು ಹಾಕಿದ ಮೇಲೂ ಅದು ಹಿಗ್ಗಿರುವುದಿಲ್ಲ. ಹಿಗ್ಗದ ರಬ್ಬರ್ ಹಿಡಿಯುವುದಿಲ್ಲ, ಸುಮ್ನೆ ಕೂತಿರುತ್ತದೆ ಅಷ್ಟೇ. ಪರೀಕ್ಷೆ ಸುಲಭ: ಕೊನೆಯ ಸುತ್ತು ಹಾಕುವಾಗ ಬೆರಳಿಗೆ ಸ್ವಲ್ಪ ಕಷ್ಟ ಆಗಬೇಕು. ಸಲೀಸಾಗಿ ಹೋಯಿತು ಅಂದರೆ ರಬ್ಬರ್ ದೊಡ್ಡದಾಯಿತು, ಇಲ್ಲವೇ ಹಳೆಯದಾಗಿ ಸೋತಿದೆ. ಫ್ಯಾನ್ಸಿ ಸ್ಟೋರಲ್ಲಿ ಸಿಗುವ, ದಾರ ಸುತ್ತಿದ ಚಿಕ್ಕ, ತೆಳ್ಳನೆ ರಬ್ಬರ್ ಒಳ್ಳೆಯದು. ಪಾರದರ್ಶಕವಾದ ಪುಟ್ಟ ರಬ್ಬರ್‌ಗಳೂ ಚೆನ್ನಾಗಿ ಹಿಡಿಯುತ್ತವೆ. ಆದರೆ ಅವನ್ನು ಎಳೆದು ತೆಗೆಯಬೇಡಿ, ಚಿಕ್ಕ ಕತ್ತರಿಯಿಂದ ಹುಷಾರಾಗಿ ಕತ್ತರಿಸಿ. ಕಾಗದದ ಕಟ್ಟಿಗೆ ಹಾಕುವ ಬರೀ ರಬ್ಬರ್ ಮಾತ್ರ ಯಾವ ಕಾರಣಕ್ಕೂ ತಲೆಗೆ ಬೇಡ. ಅದು ಕೂದಲಿಗೆ ಅಂಟಿಕೊಂಡು, ತೆಗೆಯುವಾಗ ಕಿತ್ತುಕೊಂಡೇ ಬರುತ್ತದೆ.

ದಾರ ಸೇರಿಸಿ ಹೆಣೆಯುವುದು

ಉದ್ದವೂ ಬೇಕು, ಜಡೆ ತುದಿಯವರೆಗೂ ಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಇದು. ಹೊಸದೇನಲ್ಲ. ಕುಚ್ಚು, ಟೇಪು ಹಾಕಿ ಜಡೆ ಹೆಣೆಯುತ್ತಿದ್ದವರೆಲ್ಲ ಮಾಡಿದ್ದು ಇದನ್ನೇ. ಕುಚ್ಚನ್ನು ಬರೀ ಅಲಂಕಾರ ಅಂತ ತಿಳಿದುಕೊಂಡಿರುವವರು ಜಾಸ್ತಿ. ನಿಜವಾಗಿ ಅದು ಜಡೆಯ ತುದಿಗೆ ಆಧಾರ. ಈಗ ಎಷ್ಟೋ ಜನ ಅದನ್ನು ಜಡೆ ಪೂರ್ತಿ ಹಾಕಿದ ಮೇಲೆ ತುದಿಗೆ ಕಟ್ಟುತ್ತಾರೆ. ಆಮೇಲೆ ಕುಚ್ಚಿನ ಸಮೇತ ಜಾರಿತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕುಚ್ಚಿನ ದಾರ ಜಡೆಯ ಒಳಗೆ ಹೋಗಬೇಕು, ಹೊರಗೆ ನೇತಾಡಬಾರದು.

ಕುಚ್ಚು ಇಲ್ಲದಿದ್ದರೆ ಸ್ವೆಟರ್ ಹೆಣೆಯುವ ಕಪ್ಪು ಉಲ್ಲನ್ ದಾರ ಸಾಕು. ಸುಮಾರು ಎರಡು ಮೊಳ ತೆಗೆದುಕೊಂಡು ಅರ್ಧಕ್ಕೆ ಮಡಚಿಟ್ಟುಕೊಳ್ಳಿ. ಜಡೆಯನ್ನು ಎಂದಿನಂತೆ ಹೆಣೆಯುತ್ತಾ ಬನ್ನಿ. ಕಾಲುಗಳು ತೆಳುವಾಗಲು ಶುರುವಾಗುವ ಜಾಗ ಕೈಗೇ ಗೊತ್ತಾಗುತ್ತದೆ. ಅದಕ್ಕಿಂತ ಒಂದು ಗೇಣು ಮೇಲೆಯೇ ದಾರ ಸೇರಿಸಬೇಕು, ತೆಳುವಾದ ಮೇಲಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಆ ಜಾಗದಲ್ಲಿ ಮಧ್ಯದ ಕಾಲಿನ ಕೆಳಗೆ ದಾರದ ಮಡಿಕೆಯನ್ನು ಅಡ್ಡ ಇಡಿ. ದಾರದ ಒಂದು ತುದಿ ಎಡಗಾಲಿಗೆ, ಇನ್ನೊಂದು ಬಲಗಾಲಿಗೆ ಸೇರಲಿ. ಎರಡು ಸಲ ಹೆಣೆದು, ದಾರದ ಎರಡೂ ತುದಿಗಳನ್ನು ಒಮ್ಮೆ ಕೆಳಕ್ಕೆ ಜಗ್ಗಿ ನೋಡಿ. ಮಡಿಕೆ ಮಧ್ಯದ ಕಾಲಿಗೆ ಸಿಕ್ಕಿಕೊಂಡು ನಿಂತರೆ ಸರಿ. ಅಲ್ಲಿಂದ ದಾರವನ್ನೂ ಕೂದಲೇ ಅಂದುಕೊಂಡು ಹೆಣೆಯುತ್ತಾ ಹೋಗಿ. ತುದಿ ಹತ್ತಿರ ಬಂದಾಗ ಕೂದಲು ಬೆರಳಿಗೆ ಸಿಗದಷ್ಟು ಸಣ್ಣಗಾಗುತ್ತದೆ, ಆದರೆ ದಾರ ಇರುತ್ತದಲ್ಲ, ಹೆಣಿಗೆ ಕೈ ತಪ್ಪುವುದಿಲ್ಲ. ಕೊನೆಗೆ ಒಂದು ದಾರವನ್ನು ಜಡೆಯ ಸುತ್ತ ನಾಲ್ಕು ಸುತ್ತು ಒತ್ತೊತ್ತಾಗಿ ಸುತ್ತಿ, ಇನ್ನೊಂದು ದಾರಕ್ಕೆ ಎರಡು ಗಂಟು ಹಾಕಿ. ಗಂಟು ಬಿದ್ದದ್ದು ದಾರಕ್ಕೂ ದಾರಕ್ಕೂ. ಕೂದಲಿನ ನುಣುಪಿಗೂ ಆ ಗಂಟಿಗೂ ಸಂಬಂಧವೇ ಇಲ್ಲ. ದಾರವೋ, ಮೇಲಿನಿಂದ ಪ್ರತಿ ತಿರುವಿನಲ್ಲೂ ಕೂದಲಿನೊಳಗೆ ಸಿಕ್ಕಿಕೊಂಡಿದೆ. ಜಾರಬೇಕಾದರೆ ಇಡೀ ಜಡೆಯೇ ಬಿಚ್ಚಬೇಕು.

ಯಾವ ದಾರ ಅನ್ನುವುದೂ ಮುಖ್ಯ. ಉಲ್ಲನ್, ಹತ್ತಿ ಎರಡೂ ಸ್ವಲ್ಪ ಒರಟು, ಹಾಗಾಗಿ ಹಿಡಿತ ಚೆನ್ನಾಗಿರುತ್ತದೆ. ಹೊಳೆಯುವ ಸ್ಯಾಟಿನ್ ಟೇಪು ನೋಡಲು ಚಂದ, ಆದರೆ ತನ್ನಷ್ಟಕ್ಕೇ ಜಾರುತ್ತದೆ. ಅದೇ ಬೇಕು ಅಂದರೆ ಒಳಗೆ ಉಲ್ಲನ್ ದಾರ ಹೆಣೆದು ಕಟ್ಟಿಕೊಳ್ಳಿ, ಟೇಪನ್ನು ಮೇಲೆ ಹೂವಿನ ಹಾಗೆ ಕಟ್ಟಿ. ಉಲ್ಲನ್ ದಾರ ಬಿಚ್ಚುವಾಗ ಗಂಟನ್ನು ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ತಿರುವು ಬಿಡಿಸಿ. ಎಳೆದು ತೆಗೆದರೆ ಸಿಕ್ಕಾಗುತ್ತದೆ.

ರಬ್ಬರ್ ಅಲ್ಲೇ ಇದೆ, ಜಡೆ ಮಾತ್ರ ಸಡಿಲ

ಇದಕ್ಕೆ ದೊಡ್ಡ ಕಾರಣ ಒದ್ದೆ ಕೂದಲು. ಬೆಳಿಗ್ಗೆ ತಲೆಗೆ ಸ್ನಾನ, ಸ್ಕೂಲ್ ಬಸ್ಸಿಗೆ ಹೊತ್ತಾಯಿತು, ಹಸಿಯಲ್ಲೇ ಜಡೆ. ಕೂದಲು ನೀರು ಕುಡಿದಾಗ ಸುಮಾರು ಶೇಕಡ 15ರಷ್ಟು ದಪ್ಪಗಾಗುತ್ತದೆ. ಆ ದಪ್ಪಕ್ಕೆ ನೀವು ಬಿಗಿದಿರುತ್ತೀರಿ. ಹತ್ತು ಗಂಟೆಗೆ ಕೂದಲು ಒಣಗಿ ಸಣ್ಣಗಾಗುತ್ತದೆ, ಹೆಣಿಗೆಯೊಳಗೆ ಜಾಗ ಉಳಿಯುತ್ತದೆ. ದಪ್ಪ ಇರುವ ಕಡೆ ಇದು ಗೊತ್ತಾಗುವುದಿಲ್ಲ, ತುದಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಒದ್ದೆ ಕೂದಲು ಎಳೆದರೆ ಬೇಗ ಹಿಗ್ಗುತ್ತದೆ, ಬೇಗ ಹರಿಯುತ್ತದೆ ಕೂಡ. ತಲೆಸ್ನಾನ ಹಿಂದಿನ ದಿನ ಸಂಜೆ ಮಾಡಿಸಿ. ಆಗಲಿಲ್ಲವೋ, ಅವತ್ತು ಜಡೆ ಬಿಟ್ಟು ಸಡಿಲವಾಗಿ ಒಂದು ಕ್ಲಿಪ್ ಹಾಕಿ ಕಳಿಸಿ. ತೀರಾ ಒಣಗಿ ಹಾರಾಡುವ ಕೂದಲಾದರೆ ಅಂಗೈಗೆ ಒಂದು ಹನಿ ನೀರು ಸವರಿ ತುದಿಗೆ ಮುಟ್ಟಿಸಿದರೆ ಸಾಕು.

ಇನ್ನೊಂದು ಕಾರಣ ಎಣ್ಣೆ, ಸೀರಮ್, ಕಂಡೀಶನರ್. ಎಣ್ಣೆ ಬೇಡ ಅಂತ ನಾನು ಹೇಳುವವಳಲ್ಲ. ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದು ಅಂತ ಅಜ್ಜಿಯರೂ ಹೇಳುತ್ತಾರೆ, ಪ್ರಯೋಗಗಳಲ್ಲೂ ಕಂಡುಬಂದಿದೆ. ಅದು ಕೂದಲಿನೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಆದರೆ ಹಚ್ಚುವ ಹೊತ್ತು ಬೇರೆ ಇರಬೇಕು. ರಾತ್ರಿ ಹಚ್ಚಿ, ಬೆಳಿಗ್ಗೆ ಜಡೆ ಹಾಕುವ ಮೊದಲು ಕೊನೆಯ ಒಂದು ಗೇಣನ್ನು ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿಬಿಡಿ. ಕಂಡೀಶನರ್ ಹಾಕಿದ ದಿನದ ಕೂದಲಿಗಿಂತ ಸೀಗೆಕಾಯಿ ಹಾಕಿ ತೊಳೆದ ಕೂದಲಲ್ಲಿ ಜಡೆ ಗಟ್ಟಿ ನಿಲ್ಲುತ್ತದೆ. ಕಾರ್ಯಕ್ರಮಕ್ಕೆ ಬರುವ ಹುಡುಗಿಯರಿಗೆ ಅದಕ್ಕೇ ಹೇಳುತ್ತೇನೆ, ಅವತ್ತು ಬೆಳಿಗ್ಗೆ ಕಂಡೀಶನರ್ ಹಾಕಬೇಡಮ್ಮಾ ಅಂತ.

ತಮ್ಮ ಜಡೆ ತಾವೇ ಹಾಕಿಕೊಳ್ಳುವವರಿಗೆ ಮೂರನೆಯದೂ ಒಂದಿದೆ. ಅರ್ಧ ಜಡೆ ಬೆನ್ನ ಹಿಂದೆ ಹೆಣೆದು, ಉಳಿದದ್ದನ್ನು ಭುಜದ ಮೇಲಿಂದ ಮುಂದಕ್ಕೆ ತಂದುಕೊಳ್ಳುತ್ತೇವೆ. ಹಾಗೆ ತರುವಾಗ ಕೈಯ ಹಿಡಿತ ಒಂದು ಕ್ಷಣ ಸಡಿಲುತ್ತದೆ. ಆ ಸಡಿಲ ಅಲ್ಲೇ ಉಳಿದು, ಓಡಾಡುವಾಗ ಮೆಲ್ಲಗೆ ಕೆಳಗಿಳಿಯುತ್ತದೆ. ಮುಂದಕ್ಕೆ ತಂದ ಮೇಲೆ ಹೊಸ ತಿರುವು ಹಾಕುವ ಮುಂಚೆ ಎಡಗಾಲು, ಬಲಗಾಲು ಎರಡನ್ನೂ ಪಕ್ಕಕ್ಕೆ ಒಮ್ಮೆ ಜಗ್ಗಿ. ಹಿಂದಿನ ತಿರುವುಗಳು ಕೂತುಕೊಳ್ಳುತ್ತವೆ.

ಒಂದು ಕಾಲು ಮಾತ್ರ ಹೊರಬಂದರೆ

ಲೇಯರ್ ಕಟ್ ಮಾಡಿಸಿದವರಲ್ಲಿ, ಹೆರಿಗೆ ಆದ ಮೇಲೆ ಹೊಸ ಕೂದಲು ಬರುತ್ತಿರುವವರಲ್ಲಿ ಇದು ಸಾಮಾನ್ಯ. ಕತ್ತಿನ ಹತ್ತಿರ ಮೂರು ಕಾಲು ಸಮ ಇದ್ದವು, ಕೆಳಗೆ ಬರುವಷ್ಟರಲ್ಲಿ ಒಂದರಲ್ಲಿ ಕೂದಲೇ ಇಲ್ಲ. ಹೆಣೆಯುತ್ತಾ ಆಗಾಗ ನೋಡಿಕೊಳ್ಳಿ. ಯಾವ ಕಾಲು ಸೊರಗುತ್ತಿದೆಯೋ ಅದಕ್ಕೆ ಪಕ್ಕದ ದಪ್ಪ ಕಾಲಿನಿಂದ ನಾಲ್ಕಾರು ಎಳೆ ತೆಗೆದು ಸೇರಿಸಿ. ಪೂರ್ತಿ ತೆಳುವಾದ ಮೇಲೆ ಸೇರಿಸಿದರೆ ನಿಲ್ಲುವುದಿಲ್ಲ, ಮುಂಚೆಯೇ ಸಾಲ ಕೊಡಬೇಕು. ಅಲ್ಲಲ್ಲಿ ಹೊರಗೆ ಚುಚ್ಚಿಕೊಂಡು ಬರುವ ಗಿಡ್ಡ ಕೂದಲಿಗೆ ಸಣ್ಣ ಪಿನ್ ಹಾಕುವುದಕ್ಕಿಂತ ಮೇಲೆ ಹೇಳಿದ ದಾರದ ವಿಧಾನವೇ ಮೇಲು.

ಭಾರದ ತೊಂದರೆ

ವೇದಿಕೆಗೆ, ಮದುವೆಗೆ ಚೌರಿ, ದೊಡ್ಡ ಕುಚ್ಚು, ಜಡೆ ಬಿಲ್ಲೆ, ಮೊಗ್ಗಿನ ಜಡೆ ಎಲ್ಲ ಬರುತ್ತವೆ. ಇಲ್ಲಿ ನಿಯಮ ಒಂದೇ: ಭಾರ ಹೊರುವುದು ಬುಡ, ತುದಿಯಲ್ಲ. ಚೌರಿಯನ್ನು ಕತ್ತಿನ ಹತ್ತಿರವೇ ಸೇರಿಸಿ ಮೂರೂ ಕಾಲಿಗೆ ಹಂಚಿ. ಕೂದಲು ಮುಗಿದ ಕಡೆಯಿಂದ ಶುರು ಮಾಡಿದರೆ ಮೊದಲ ಜತಿಗೇ ಕೈಕೊಡುತ್ತದೆ. ಮೊಗ್ಗಿನ ಜಡೆಯನ್ನು ಮೇಲಿನಿಂದ ಕೆಳಗೆ ನಾಲ್ಕೈದು ಕಡೆ ದಾರದಿಂದ ಜಡೆಗೆ ಕಟ್ಟಿ. ಮೊದಲ ಕಟ್ಟು ಕತ್ತಿನ ಹತ್ತಿರ ಗಟ್ಟಿಯಾಗಿ ಬಿದ್ದರೆ ಕೆಳಗಿನವು ಸುಮ್ಮನೆ ಜೊತೆಗಿದ್ದರೂ ನಡೆಯುತ್ತದೆ. ನೃತ್ಯದವರು ಜಡೆಯನ್ನು ಡಾಬಿನ ಒಳಗೆ ತೂರಿಸಿಕೊಳ್ಳುತ್ತಾರೆ. ಜಡೆ ಹಾರಾಡುವುದಿಲ್ಲ, ತುದಿಗೆ ಜಗ್ಗಾಟವೂ ತಪ್ಪುತ್ತದೆ. ಹೂ ಮುಡಿಯುವುದೂ ಅಷ್ಟೇ, ಮೊಳ ಮಲ್ಲಿಗೆ ಮೇಲೆ ಇರಲಿ. ನೀರು ಚಿಮುಕಿಸಿದ ಮಾಲೆ ನೋಡಿದಷ್ಟು ಹಗುರ ಅಲ್ಲ.

ರಬ್ಬರ್‌ನಲ್ಲಿ ಕೂದಲು ಬರುತ್ತಿದ್ದರೆ

ಬೆಳಕಿಗೆ ಹಿಡಿದು ನೋಡಿ ಅಂದೆನಲ್ಲ. ಕೂದಲಿನ ಒಂದು ಕೊನೆಯಲ್ಲಿ ಸಾಸಿವೆಗಿಂತಲೂ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ತಾನಾಗಿ ಉದುರಿದ್ದು, ಜಡೆಯೊಳಗೆ ಸಿಕ್ಕಿಕೊಂಡಿತ್ತು ಅಷ್ಟೇ. ಗುಂಡು ಇಲ್ಲದ ತುಂಡುಗಳು ಜಾಸ್ತಿ ಇದ್ದರೆ ರಬ್ಬರ್ ಕೂದಲನ್ನು ಕತ್ತರಿಸುತ್ತಿದೆ. ಆಗ ದಿನಾ ಒಂದೇ ಜಾಗದಲ್ಲಿ ಕಟ್ಟುವುದನ್ನು ಮೊದಲು ಬಿಡಿ. ಇವತ್ತಿಗಿಂತ ನಾಳೆ ಎರಡು ಬೆರಳು ಮೇಲೆ, ನಾಡಿದ್ದು ಕೆಳಗೆ. ರಾತ್ರಿ ಮಲಗುವಾಗ ರಬ್ಬರ್ ತೆಗೆದು ಹತ್ತಿ ಬಟ್ಟೆಯ ಪಟ್ಟಿ ಕಟ್ಟಿ.

ತುದಿ ಸೀಳಿದ್ದರೆ ಎರಡು ಬೆರಳಷ್ಟು ಕತ್ತರಿಸಿಬಿಡಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ನಿಜ ಅಲ್ಲ, ಬೆಳವಣಿಗೆ ನಡೆಯುವುದು ಬುಡದಲ್ಲಿ. ಆದರೆ ಸೀಳು ಮೇಲಕ್ಕೆ ಹತ್ತುವುದು ನಿಲ್ಲುತ್ತದೆ, ತುದಿ ಸಮ ಆಗುತ್ತದೆ, ರಬ್ಬರ್‌ಗೆ ಹಿಡಿಯಲು ಏನಾದರೂ ಸಿಗುತ್ತದೆ. ಮಂಗಳವಾರ, ಶುಕ್ರವಾರ ಕತ್ತರಿ ಮುಟ್ಟಬಾರದು ಅನ್ನುವ ಮನೆಯಾದರೆ ಉಳಿದ ಐದು ದಿನ ಇವೆಯಲ್ಲ.

ಒಂದು ವಿಷಯ ಮಾತ್ರ ಬೇರೆ. ಹೆರಿಗೆ ಆಗಿ ಅಥವಾ ಟೈಫಾಯ್ಡ್, ಡೆಂಗ್ಯೂ ತರಹದ ಜೋರು ಜ್ವರ ಬಂದುಹೋಗಿ ಎರಡು ಮೂರು ತಿಂಗಳಿಗೆ ಕೂದಲು ರಾಶಿ ಉದುರುವುದುಂಟು. ಸಾಮಾನ್ಯವಾಗಿ ಅದು ತಾನಾಗಿ ಸರಿಹೋಗುತ್ತದೆ. ಆದರೆ ಬೈತಲೆ ಅಗಲವಾಗುತ್ತಿದ್ದರೆ, ಹಣೆಯ ಅಂಚಿನಲ್ಲಿ ಕೂದಲು ಹಿಂದೆ ಸರಿಯುತ್ತಿದ್ದರೆ, ಜಡೆ ಬುಡದಲ್ಲೇ ಸಣ್ಣಗಾಗಿದ್ದರೆ ಅದು ತುದಿಯ ತೊಂದರೆ ಅಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ತುಂಬಾ ಬಿಗಿಯಾಗಿ ಎಳೆದು ಕಟ್ಟಿದ್ದೂ ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಜಡೆ ಸಡಿಲ ಇರಲಿ, ಬಿಚ್ಚಿದರೆ ಬಿಚ್ಚಲಿ.

ಕಟ್ಟಿದ ಮೇಲೆ ಪರೀಕ್ಷೆ

ಮಗುವನ್ನು ಮುಂದಕ್ಕೆ ಬಗ್ಗಿಸಿ, ತಲೆಯನ್ನು ನಾಲ್ಕು ಸಲ ಆಚೀಚೆ ಅಲ್ಲಾಡಿಸಲು ಹೇಳಿ. ಆಮೇಲೆ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಕದಲದಿದ್ದರೆ ಸಂಜೆವರೆಗೂ ಯೋಚನೆ ಇಲ್ಲ. ಅರ್ಧ ಬೆರಳು ಕದಲಿದರೂ ಬಿಚ್ಚಿ. ಇನ್ನೂ ಬಿಗಿಯಾಗಿ ಕಟ್ಟಲು ಹೋಗಬೇಡಿ, ಎರಡು ತಿರುವು ಮೇಲೆ ಕಟ್ಟಿ.